ಫ್ರೆಂಚ್ ಭಾವಚಿತ್ರಗಳಲ್ಲಿ ಟಿಪ್ಪುವಿನ ರಾಯಭಾರಿಗಳು

ಮೈಸೂರಿನ ಟಿಪ್ಪು ಸುಲ್ತಾನನು ಫ್ರಾನ್ಸಿಗೆ ಕಳುಹಿಸಿದ್ದ ಮೂವರು ರಾಯಭಾರಿಗಳನ್ನು 1788ರಲ್ಲಿ ಅಲ್ಲಿನ ಕಲಾವಿದರು ಚಿತ್ರಿಸಿದರು. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮೊಹಮ್ಮದ್ ಉಸ್ಮಾನ್ ಖಾನ್ ಆ ಮೂವರು. ಪರದೇಶದವರನ್ನು ಕುರಿತ ಫ್ರೆಂಚರ ಕುತೂಹಲವು ಚಿತ್ರಿತ ವ್ಯಕ್ತಿಯ ಗುರುತನ್ನು ಹೇಗೆ ರೂಪಿಸಿತೆಂಬುದಕ್ಕೆ ಈ ಚಿತ್ರಗಳು ಉತ್ತಮ ನಿದರ್ಶನ.

ಹಿನ್ನೆಲೆ

ಬ್ರಿಟಿಷರ ವಿರುದ್ಧ ಸೈನಿಕ ನೆರವನ್ನು ಕೋರುವುದು ನಿಯೋಗದ ಮುಖ್ಯ ಉದ್ದೇಶವಾಗಿತ್ತು. ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದ ರಾಯಭಾರಿಗಳು ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಭೇಟಿಯಾದರು. ಬೊಕ್ಕಸ ಬರಿದಾಗಿದ್ದ ಫ್ರಾನ್ಸ್ ಸೈನಿಕ ನೆರವಿನ ಮಾತು ಕೊಡಲಿಲ್ಲ. ಪ್ಯಾರಿಸ್ಸಿನ ಜನರಿಗಂತೂ ಸಂಧಾನಕ್ಕಿಂತ ಅತಿಥಿಗಳ ಪೇಟ, ನಿಲುವಂಗಿಗಳೇ ಹೆಚ್ಚು ಸೊಗಸೆನಿಸಿದವು. ಸೆವ್ರ್ ಪಿಂಗಾಣಿ ಕಾರ್ಖಾನೆಯ ಚಿತ್ರಕಾರ ಶಾರ್ಲ್ ಎಲ್ವಾ ಅಸೆಲಿನ್ ಅವರು ಸೇಂಟ್ ಕ್ಲೂ ಉದ್ಯಾನದಲ್ಲಿ ವಿಹರಿಸುವುದನ್ನು ಕಾಗದದ ಮೇಲೆ ಜಲವರ್ಣದಲ್ಲಿ ಬರೆದನು.

ದರ್ವೇಶ್ ಖಾನ್ ಭಾವಚಿತ್ರ

ಇವುಗಳಲ್ಲಿ ಪ್ರಸಿದ್ಧವಾದುದು ಎಲಿಸಬೆತ್ ವಿಜೀ ಲ ಬ್ರೂನ್ (1755–1842) ರಚಿಸಿದ ಆಳೆತ್ತರದ ತೈಲಚಿತ್ರ. ಹೊಂಬಣ್ಣದ ಹೂಗಳುಳ್ಳ ಬಿಳಿಯ ಮಸ್ಲಿನ್ ಉಡುಪು ತೊಟ್ಟ ದರ್ವೇಶ್ ಖಾನ್ ಕತ್ತಿಯನ್ನು ಹಿಡಿದು ಗಂಭೀರವಾಗಿ ನಿಂತಿದ್ದಾರೆ. ಬೇಡುವವರ ಭಂಗಿ ಅದಲ್ಲ. 1789ರ ಸಲೋನ್‌ನಲ್ಲಿ, ಎಂದರೆ ರಾಜಾಶ್ರಯದ ಅಕಾಡೆಮಿಯ ಕಲಾಪ್ರದರ್ಶನದಲ್ಲಿ, ಚಿತ್ರವನ್ನು ಪ್ರದರ್ಶಿಸಲಾಯಿತು. ಕ್ರಾಂತಿಯ ಗದ್ದಲದಲ್ಲಿ ಕಲಾವಿದೆ ಅದೇ ಅಕ್ಟೋಬರ್‌ನಲ್ಲಿ ದೇಶ ಬಿಟ್ಟರು. 2019ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಇದು ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು.

ಚಿತ್ರರಚನೆಯ ಕಥೆ ತಿಳಿದಿರುವುದು ಮುಖ್ಯವಾಗಿ ಕಲಾವಿದೆಯ ನೆನಪುಗಳಿಂದ. ದೊರೆ ಕೇಳಿಕೊಂಡರೆ ಮಾತ್ರ ಕೂರುವೆವೆಂದು ರಾಯಭಾರಿಗಳು ಹೇಳಿದ್ದರಂತೆ. ಚಿತ್ರ ಮುಗಿದ ಬಳಿಕ ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟು, ಅದಕ್ಕಿನ್ನೂ ಆತ್ಮ ಬರಬೇಕೆಂದು ಕೊಡಲೊಪ್ಪಲಿಲ್ಲವಂತೆ. ಕೊನೆಗೆ ಗುಟ್ಟಾಗಿ ತರಿಸಿಕೊಳ್ಳಬೇಕಾಯಿತಂತೆ. ಈ ನೆನಪುಗಳು ಅಚ್ಚಾದದ್ದು 1835ರಿಂದೀಚೆಗೆ, ಸುಮಾರು ಅರ್ಧ ಶತಮಾನದ ಅನಂತರ. ಹೀಗಾಗಿ ದರ್ವೇಶ್ ಖಾನರ ಮಾತು ನಮಗೆ ತಲುಪಿರುವುದು ಅವರನ್ನು ವಿಚಿತ್ರ ವ್ಯಕ್ತಿಯೆಂದು ಬಣ್ಣಿಸಿದವರ ಬಾಯಿಂದಲೇ. ಆಳ್ತನದ ಘನತೆಯನ್ನು ಕುಂಚ ಉಳಿಸಿಕೊಂಡಿತು, ಲೇಖನಿ ಉಳಿಸಲಿಲ್ಲ.

ಮೈಸೂರಿನ ಚಿತ್ರಪರಂಪರೆ

ಈ ಕಥೆಯಿಂದ ಮೈಸೂರಿನವರು ಚಿತ್ರವನ್ನೇ ಅರಿಯದವರೆಂದು ಭಾವಿಸುವುದು ತಪ್ಪು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, 1780ರಲ್ಲಿ ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಕದನದ ಚಿತ್ರವಿದೆ. ಮೈಸೂರಿನ ಪರ ಹೋರಾಡಿದ ಫ್ರೆಂಚ್ ಪಡೆಯನ್ನೂ ಅದರ ನಾಯಕ ಲಾಲಿಯನ್ನೂ ಸ್ಥಳೀಯ ಕಲಾವಿದರು ತಮ್ಮ ಶೈಲಿಯಲ್ಲಿ ಅಲ್ಲಿ ಬರೆದಿದ್ದಾರೆ.