ಗೋಡೆಯ ಮೇಲಣ ಎರಡು ಗುರುತುಗಳು

ಕರಾವಳಿಯ ಊರುಗಳಲ್ಲಿ ಮಳೆಗಾಲ ಕಳೆದು ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳು ಮೊದಲಾದುವೆಂದರೆ, ಯಾವ ಕ್ಲಬ್ಬಿನ ಹುಡುಗರು ಹೆಚ್ಚು ಕಸುವುಳ್ಳವರೆಂಬ ಚರ್ಚೆ ಅಂಕಣದ ಸುತ್ತ ನೆರೆದವರಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಗೆದ್ದವರೇ ದೃಢಕಾಯರೆಂದುಬಿಡುವುದು ಸುಲಭ. ಆದರೆ ಗೆಲವಿನಲ್ಲಿ ಕೈಚಳಕಕ್ಕೂ ಅನುಭವಕ್ಕೂ ಪಾಲಿರುವುದರಿಂದ, ದೇಹಕ್ಷಮತೆಯನ್ನು ಪ್ರತ್ಯೇಕವಾಗಿಯೇ ಅಳೆಯಬೇಕಾಗುತ್ತದೆ.

ಅಂಥ ಅಳತೆಗಳಲ್ಲಿ ಸರಳವಾದುದು ಜಿಗಿತದ ಪರೀಕ್ಷೆ. ಆಟಗಾರನು ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಗೋಡೆಗೆ ಮಗ್ಗುಲಾಗಿ ನಿಂತು, ಹಿಮ್ಮಡಿ ಎತ್ತದೆ ಕೈಚಾಚಿ ಒಂದು ಗುರುತು ಮಾಡುತ್ತಾನೆ. ಬಳಿಕ ನಿಂತಲ್ಲಿಂದಲೇ ಮೊಣಕಾಲು ಬಾಗಿಸಿ ಚಿಮ್ಮಿ ಇನ್ನೊಂದು ಗುರುತು ಮಾಡುತ್ತಾನೆ. ಒಬ್ಬನ ಗುರುತುಗಳು 245 ಮತ್ತು 305 ಸೆಂಟಿಮೀಟರಿನಲ್ಲಿಯೂ, ಮತ್ತೊಬ್ಬನವು 230 ಮತ್ತು 295ರಲ್ಲಿಯೂ ಬಿದ್ದುವೆಂದು ಭಾವಿಸೋಣ. 2.43 ಮೀಟರ್ ಎತ್ತರದ ಪುರುಷರ ನೆಟ್ಟಿನ ಮೇಲೆ ಮೊದಲಿನವನ ಕೈಯೇ ಮೇಲಾದರೂ, 60ಕ್ಕೆ ಬದಲು 65 ಸೆಂಟಿಮೀಟರ್ ಜಿಗಿದ ಎರಡನೆಯವನ ಕಾಲುಗಳೇ ಬಲಿಷ್ಠ. ಎತ್ತರ ಹುಟ್ಟಿನಿಂದ ಬಂದುದು. ಜಿಗಿತ ಬಹುಮಟ್ಟಿಗೆ ಅಭ್ಯಾಸದಿಂದ ಬರುವುದು. ಹೀಗೆಯೇ ಚಪಲತೆಗೆ 10 ಮೀಟರಿನ ಷಟಲ್ ಓಟವೂ, ಭುಜಬಲಕ್ಕೆ ಮೆಡಿಸಿನ್ ಬಾಲ್ ಎಸೆತವೂ ಇವೆ.

ತೊಡಕು ಹುಟ್ಟುವುದು ಹೋಲಿಕೆಯಲ್ಲಿ. ಒಂದು ಕ್ಲಬ್ಬಿನವರನ್ನು ಮಣ್ಣಿನ ಅಂಕಣದಲ್ಲಿಯೂ ಇನ್ನೊಂದರವರನ್ನು ಮರದ ನೆಲದ ಮೇಲೆಯೂ ಓಡಿಸಿ ವೇಳೆಯನ್ನು ತೂಗಿನೋಡುವುದು ನ್ಯಾಯವಲ್ಲ. 1998ರಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ಬಂದ, ಬ್ಲಾಕ್ ಮಾಡುವ ಅಧಿಕಾರವೇ ಇಲ್ಲದ ಲಿಬೆರೊ ಆಟಗಾರನ ಜಿಗಿತವನ್ನು ನಡುವಣ ಬ್ಲಾಕರನ ಜಿಗಿತದೊಡನೆ ಹೋಲಿಸುವುದೂ ಸಲ್ಲದು. ಇನ್ನು ಸರಾಸರಿಯ ಮಾತು: ಒಂದು ತಂಡದ ಆರೂ ಮಂದಿ ಸುಮಾರು 60ರಷ್ಟು ಜಿಗಿಯುವವರು, ಇನ್ನೊಂದರಲ್ಲಿ ಮೂವರು 70, ಮೂವರು 50 ಎಂದರೆ ಸರಾಸರಿ ಎರಡಕ್ಕೂ ಒಂದೇ. ಆದರೆ ಎದುರಾಳಿಯಿಂದ ಸರ್ವಿಸನ್ನು ಗೆದ್ದುಕೊಂಡಾಗಲೆಲ್ಲ ಆಟಗಾರರು ಒಂದೊಂದು ಸ್ಥಾನ ಸರಿಯಲೇಬೇಕೆಂಬುದು ಈ ಆಟದ ನಿಯಮವಾದುದರಿಂದ, 50ರವನೂ ನೆಟ್ಟಿನ ಮುಂದೆ ಬಂದೇ ಬರುತ್ತಾನೆ. ಜಾಣನಾದ ಎದುರಾಳಿ ಆ ಕ್ಷಣವನ್ನೇ ಕಾದಿದ್ದು ಅವನ ತಲೆಯ ಮೇಲೆಯೇ ಸ್ಮ್ಯಾಶ್ ಹೊಡೆಯುತ್ತಾನೆ.

ಯಾವ ಕ್ಲಬ್ ಮೇಲೆಂದು ಸಾರುವುದಕ್ಕಿಂತ, ಯಾರಿಗೆ ಯಾವ ಅಭ್ಯಾಸ ಬೇಕೆಂದು ತಿಳಿಯುವುದಕ್ಕೆ ಈ ಅಳತೆಗಳು ಹೆಚ್ಚು ಒದಗುತ್ತವೆ. ಕ್ಲಬ್ಬಿನ ಹಿರಿಯರು ಇಂದಿನ ಗುರುತಿನ ಪಕ್ಕದಲ್ಲಿ ತಾರೀಖನ್ನು ಬರೆದಿಟ್ಟು, ಮೂರು ತಿಂಗಳ ತರುವಾಯ ಅದೇ ಹುಡುಗನನ್ನು ಅದೇ ಗೋಡೆಯ ಬಳಿ ನಿಲ್ಲಿಸಲಿ.