ಇಡುಗಂಟು ಬಂತು, ಬಿಚ್ಚುವವರು ಯಾರು?

ಮನೆಗೆ ಒಂದೇ ಬಾರಿ ದೊಡ್ಡ ಮೊತ್ತ ಬಂದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅಪ್ಪ ನಿವೃತ್ತರಾಗಿ ಗ್ರಾಚ್ಯುಟಿ ಬಂತು, ಇಲ್ಲವೇ ವೇತನ ಪರಿಷ್ಕರಣೆಯ ಅರಿಯರ್ಸ್ ಒಟ್ಟಿಗೆ ಕೈಸೇರಿತು ಎನ್ನಿ. ಒಬ್ಬರಿಗೆ ಸೋರುವ ತಾರಸಿ ನೆನಪಾಗುತ್ತದೆ, ಇನ್ನೊಬ್ಬರಿಗೆ ತೀರದ ಕೈಸಾಲ, ಮತ್ತೊಬ್ಬರಿಗೆ ಕಾರು. ಕಾರು ಕೊಂಡರೆ ಪೆಟ್ರೋಲು ಪ್ರತಿ ತಿಂಗಳೂ ಬೇಕು. ಗ್ರಾಚ್ಯುಟಿ ಮಾತ್ರ ಮತ್ತೆ ಬರುವುದಿಲ್ಲ. 2021ರಲ್ಲಿ ಅಮೆರಿಕದ ಐವತ್ತು ರಾಜ್ಯಗಳ ಶಾಸಕರ ಮುಂದೆ ಬಂದು ಕೂತದ್ದು ಇದೇ ಪ್ರಶ್ನೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಅಮೆರಿಕದ ಸರ್ಕಾರಿ ಲೆಕ್ಕಪತ್ರಗಳ ಕೆಲಸ ಮಾಡುವ ನಮ್ಮಂಥವರಿಗೆ ‘ಆರ್ಪಾ’ ಎಂಬುದು ಸ್ಪ್ರೆಡ್‌ಶೀಟಿನ ಒಂದು ಕಾಲಂ ಮಾತ್ರ. ಆದರೆ ಆ ಕಾಲಮ್ಮಿನ ಹಿಂದೆ ಒಂದು ದೊಡ್ಡ ಜಗಳ, ಒಂದಿಷ್ಟು ಕೋರ್ಟು ಕೇಸು, ಕೆಲವು ಒಳ್ಳೆಯ ಪಾಠಗಳು ಇವೆ. ಕೇಂದ್ರದ ಹಣ ರಾಜ್ಯಕ್ಕೆ ಬಂದಾಗ ಏನಾಗಬೇಕು ಎಂದು ದಿನವೂ ವಾದ ಮಾಡುವ ನಮ್ಮ ದೇಶದವರೂ ಅವನ್ನು ತಿಳಿದಿರುವುದು ಒಳ್ಳೆಯದು.

ಎಷ್ಟು ಬಂತು, ಹೇಗೆ ಹಂಚಿದರು

ಅಮೆರಿಕನ್ ರೆಸ್ಕ್ಯೂ ಪ್ಲಾನ್ ಆ್ಯಕ್ಟ್‌ಗೆ ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ್ದು 2021ರ ಮಾರ್ಚ್ 11ರಂದು. ಒಟ್ಟು ಸುಮಾರು 1.9 ಲಕ್ಷ ಕೋಟಿ ಡಾಲರ್‌ಗಳ ಈ ಪ್ಯಾಕೇಜಿನಲ್ಲಿ 35,000 ಕೋಟಿ ಡಾಲರ್ ರಾಜ್ಯಗಳು, ಕೌಂಟಿಗಳು, ನಗರಗಳು ಹಾಗೂ ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳಿಗೆ ಮೀಸಲಾಯಿತು. ಅದರಲ್ಲಿ ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಪಾಲು 19,530 ಕೋಟಿ ಡಾಲರ್.

ಹಂಚಿಕೆಯ ಸೂತ್ರದಲ್ಲೇ ರಾಜಕೀಯವಿತ್ತು. ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ರಾಜ್ಯಕ್ಕೆ ಮೊದಲು ತಲಾ 50 ಕೋಟಿ ಡಾಲರ್. ಉಳಿದದ್ದರ ಬಹುಪಾಲು 2020ರ ಕೊನೆಯ ಮೂರು ತಿಂಗಳಲ್ಲಿ ಎಲ್ಲಿ ಎಷ್ಟು ಜನ ನಿರುದ್ಯೋಗಿಗಳಿದ್ದರು ಎಂಬ ಲೆಕ್ಕದ ಮೇಲೆ. ಜೊತೆಗೆ ಸಣ್ಣ ರಾಜ್ಯಗಳಿಗೆ ಕನಿಷ್ಠ ಮೊತ್ತದ ಖಾತರಿ. ಹೀಗಾಗಿ ಆರೂವರೆ ಲಕ್ಷ ಜನರೂ ಇಲ್ಲದ ವರ್ಮಾಂಟ್‌ಗೆ ಸುಮಾರು 105 ಕೋಟಿ ಡಾಲರ್ ಸಿಕ್ಕಿತು. ಟೆಕ್ಸಾಸ್‌ಗೆ ಸುಮಾರು 1,580 ಕೋಟಿ, ಕ್ಯಾಲಿಫೋರ್ನಿಯಾಗೆ ಎಲ್ಲಕ್ಕಿಂತ ಹೆಚ್ಚು, 2,700 ಕೋಟಿ. ತಲಾವಾರು ನೋಡಿದರೆ ವರ್ಮಾಂಟ್‌ನವರಿಗೆ ಟೆಕ್ಸಾಸ್‌ನವರ ಸುಮಾರು ಮೂರು ಪಟ್ಟು. ತೆರಿಗೆ ಪಾಲಿನಲ್ಲಿ ಯಾರಿಗೆ ಎಷ್ಟು ಎಂಬ ನಮ್ಮ ಜಗಳ ಅಲ್ಲಿಯೂ ಇದೆ, ರೂಪ ಬೇರೆ ಅಷ್ಟೆ.

ಷರತ್ತುಗಳೂ ಇದ್ದವು. ಸಾಂಕ್ರಾಮಿಕದಿಂದಾದ ಹಾನಿ ತುಂಬಲು, ಅಪಾಯದ ನಡುವೆ ದುಡಿದವರಿಗೆ ಹೆಚ್ಚುವರಿ ವೇತನ ಕೊಡಲು, ಕಳೆದುಹೋದ ವರಮಾನ ಸರಿದೂಗಿಸಲು, ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್ ಕಾಮಗಾರಿಗೆ ಬಳಸಬಹುದು. ಪಿಂಚಣಿ ನಿಧಿಗೆ ಸುರಿಯುವಂತಿಲ್ಲ. ತೆರಿಗೆ ಇಳಿಸಿ, ಅದರಿಂದಾದ ಖೋತಾ ತುಂಬಲು ಬಳಸುವಂತಿಲ್ಲ. ಈ ಕೊನೆಯ ಷರತ್ತನ್ನು ಒಪ್ಪದ ಹಲವು ರಾಜ್ಯಗಳು ಕೋರ್ಟಿಗೇ ಹೋದವು. ಗಡುವು ಎರಡು: 2024ರ ಡಿಸೆಂಬರ್ 31ರೊಳಗೆ ಹಣ ಯಾವ ಕೆಲಸಕ್ಕೆಂದು ಒಪ್ಪಂದ ಆಗಿರಬೇಕು, 2026ರ ಡಿಸೆಂಬರ್ 31ರೊಳಗೆ ಖರ್ಚಾಗಬೇಕು.

ಗಂಟು ಬಿಚ್ಚುವ ಹಕ್ಕು

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು, ನಮ್ಮ ಮುಖ್ಯಮಂತ್ರಿಯಂತೆ. ಆದರೆ ಅವರು ಶಾಸನಸಭೆಯ ಬಹುಮತದ ಮೇಲೆ ನಿಂತವರಲ್ಲ. ಗವರ್ನರ್ ಒಂದು ಪಕ್ಷ, ಶಾಸನಸಭೆ ಇನ್ನೊಂದು ಪಕ್ಷ ಎಂಬುದು ಅಲ್ಲಿ ಸಾಮಾನ್ಯ. ವಾಷಿಂಗ್ಟನ್‌ನಿಂದ ಬಂದ ಹಣವನ್ನು ಯಾರು ಹಂಚಬೇಕು ಎಂಬುದಕ್ಕೆ ಎಲ್ಲ ರಾಜ್ಯಗಳಲ್ಲೂ ಒಂದೇ ಉತ್ತರವಿಲ್ಲ.

ವಿಸ್ಕಾನ್ಸಿನ್‌ನಲ್ಲಿ ಆ ಅಧಿಕಾರ ಗವರ್ನರ್ ಕೈಯಲ್ಲಿತ್ತು. ಸುಮಾರು 250 ಕೋಟಿ ಡಾಲರ್ ಹೇಗೆ ಖರ್ಚಾಗಬೇಕೆಂದು ರಿಪಬ್ಲಿಕನ್ ಬಹುಮತದ ಶಾಸನಸಭೆ ಮಸೂದೆಗಳನ್ನು ಪಾಸು ಮಾಡಿತು. ಡೆಮಾಕ್ರಟಿಕ್ ಗವರ್ನರ್ ಟೋನಿ ಎವರ್ಸ್ ಅವುಗಳನ್ನು ವೀಟೋ ಮಾಡಿ, ತಾವೇ ಹಂಚಿದರು.

ನ್ಯೂ ಮೆಕ್ಸಿಕೋದಲ್ಲಿ ಕಥೆ ತಿರುಗಿತು. ಅಲ್ಲಿ ಗವರ್ನರ್ ಮಿಷೆಲ್ ಲುಹಾನ್ ಗ್ರಿಶಮ್ ಈ ಹಣ ಹಂಚುವ ಹಕ್ಕು ತಮ್ಮದು ಎಂದರು. ಇಬ್ಬರು ಸೆನೆಟರುಗಳು, ಒಬ್ಬರು ಆಕೆಯದೇ ಪಕ್ಷದಿಂದ ಆಯ್ಕೆಯಾದವರು, ಇನ್ನೊಬ್ಬರು ವಿರೋಧ ಪಕ್ಷದವರು, ಒಟ್ಟಾಗಿ ರಾಜ್ಯದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2021ರ ನವೆಂಬರ್‌ನಲ್ಲಿ ಕೋರ್ಟ್ ಹೇಳಿತು: ಉಳಿದಿರುವ ಹಣಕ್ಕೆ ಶಾಸನಸಭೆಯ ಒಪ್ಪಿಗೆ ಬೇಕೇ ಬೇಕು. ಸುಮಾರು 110 ಕೋಟಿ ಡಾಲರ್ ಚರ್ಚೆಗಾಗಿ ಸಭೆಯ ಮುಂದೆ ಬಂತು.

ಇದಕ್ಕಿಂತ ವಿಚಿತ್ರವಾದದ್ದು 2009ರ ಪ್ರಕರಣ. ಆಗಿನ ಆರ್ಥಿಕ ಕುಸಿತದ ವೇಳೆ ಅಧ್ಯಕ್ಷ ಒಬಾಮಾ 78,700 ಕೋಟಿ ಡಾಲರ್‌ಗಳ ಪ್ಯಾಕೇಜಿಗೆ ಸಹಿ ಹಾಕಿದ್ದರು. ಸೌತ್ ಕರೊಲಿನಾದ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ತಮ್ಮ ರಾಜ್ಯದ ಪಾಲಿನಲ್ಲಿ ಸುಮಾರು 70 ಕೋಟಿ ಡಾಲರ್ ಬೇಡವೆಂದರು. ಸಾಲ ತೀರಿಸಲು ಬಿಡುವುದಾದರೆ ಸರಿ, ಇಲ್ಲದಿದ್ದರೆ ಬೇಡ ಎಂಬುದು ಅವರ ನಿಲುವು. ಆ ಹಣದ ಬಹುಪಾಲು ಶಾಲೆಗಳಿಗೆ ಸೇರಬೇಕಾದದ್ದು. ಶಾಸಕರು ಅದನ್ನು ಬಜೆಟ್ಟಿನಲ್ಲಿ ಸೇರಿಸಿದರು, ಗವರ್ನರ್ ವೀಟೋ ಹಾಕಿದರು, ಶಾಸಕರು ವೀಟೋ ಮುರಿದರು. ಇಬ್ಬರು ವಿದ್ಯಾರ್ಥಿಗಳು ಕೂಡ ಕೋರ್ಟಿಗೆ ಹೋದರು. ಗವರ್ನರ್ ಅರ್ಜಿ ಹಾಕಲೇಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ಆದೇಶಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಸೋರುವ ತಾರಸಿಯೋ, ಹೊಸ ಕಾರೋ

ಅಧಿಕಾರ ಕೈಗೆ ಬಂದ ಶಾಸಕರು ಏನು ಮಾಡಿದರು? ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಮಾತ್ರ, ಅದೂ ಹೆಚ್ಚೆಂದರೆ 140 ದಿನ ಸೇರುತ್ತದೆ. ಹಾಗಾಗಿ 2021ರ ಅಕ್ಟೋಬರ್‌ನಲ್ಲಿ ವಿಶೇಷ ಅಧಿವೇಶನದಲ್ಲಿ ಹಣ ಹಂಚಬೇಕಾಯಿತು. ಅದರಲ್ಲಿ 720 ಕೋಟಿ ಡಾಲರ್, ಅಂದರೆ ಹೆಚ್ಚುಕಡಿಮೆ ಅರ್ಧ, ನಿರುದ್ಯೋಗ ಭತ್ಯೆಯ ನಿಧಿಗೆ ಹೋಯಿತು. ಕೋವಿಡ್ ಕಾಲದಲ್ಲಿ ಆ ನಿಧಿ ಬರಿದಾಗಿ ಕೇಂದ್ರದಿಂದ ಸಾಲ ಮಾಡಬೇಕಾಗಿತ್ತು. ತೀರಿಸದಿದ್ದರೆ ಉದ್ಯೋಗದಾತ ಕಂಪನಿಗಳ ಮೇಲಿನ ತೆರಿಗೆ ಏರುತ್ತಿತ್ತು. ಇದು ಕೆಲಸ ಕಳೆದುಕೊಂಡವರಿಗೆ ಆಸರೆಯೋ, ಕಂಪನಿಗಳಿಗೆ ರಿಯಾಯಿತಿಯೋ ಎಂಬ ಪ್ರಶ್ನೆಗೆ ಎರಡೂ ಕಡೆ ವಾದವಿದೆ. ಆದರೆ ಲೆಕ್ಕಿಗನ ಕಣ್ಣಿಗೆ ಒಂದು ಗುಣ ಕಾಣುತ್ತದೆ. ಹಳೆ ಸಾಲ ತೀರಿತು, ಹೊಸ ಖರ್ಚು ಹುಟ್ಟಲಿಲ್ಲ.

ಅಲಬಾಮಾ ಶಾಸಕರ ನಿರ್ಧಾರ ದೇಶದಾದ್ಯಂತ ಸುದ್ದಿಯಾಯಿತು. ಸುಮಾರು 210 ಕೋಟಿ ಡಾಲರ್ ಪಾಲಿನಿಂದ 40 ಕೋಟಿಯನ್ನು ಜೈಲು ಕಟ್ಟಲು ಎತ್ತಿಟ್ಟರು. ಕೋವಿಡ್ ಪರಿಹಾರದ ಹಣದಲ್ಲಿ ಜೈಲೇ ಎಂದು ಹಲವರು ಹುಬ್ಬೇರಿಸಿದರು. ಕಳೆದುಹೋದ ವರಮಾನದ ಬದಲಿಗೆ ಬಂದ ಭಾಗವನ್ನು ಸಾಮಾನ್ಯ ಸರ್ಕಾರಿ ಕೆಲಸಕ್ಕೆ ಬಳಸಬಹುದು ಎಂಬುದು ರಾಜ್ಯದ ಸಮರ್ಥನೆ. ಅಲ್ಲಿನ ಜೈಲುಗಳ ದುಃಸ್ಥಿತಿಯ ಬಗ್ಗೆ ಕೇಂದ್ರದ ನ್ಯಾಯ ಇಲಾಖೆಯೇ 2020ರ ಡಿಸೆಂಬರ್‌ನಲ್ಲಿ ಮೊಕದ್ದಮೆ ಹೂಡಿತ್ತು ಎಂಬುದೂ ನಿಜ. ತಾರಸಿ ಸೋರುತ್ತಿತ್ತು, ಸರಿ. ಆದರೆ ಆ ಹಣ ಬಂದದ್ದು ಕಾಯಿಲೆ ಬಿದ್ದವರ ಹೆಸರಿನಲ್ಲಿ.

ವರ್ಮಾಂಟ್ ಬ್ರಾಡ್‌ಬ್ಯಾಂಡ್, ವಸತಿ, ನೀರು, ಒಳಚರಂಡಿಗಳ ದಾರಿ ಹಿಡಿಯಿತು. ಇವು ಒಮ್ಮೆ ಕಟ್ಟಿದರೆ ದಶಕಗಟ್ಟಲೆ ಉಳಿಯುವಂಥವು. ಆದರೆ ಅಲ್ಲಿಯೂ ಪೈಪು, ಕೇಬಲ್ಲುಗಳ ನಿರ್ವಹಣೆ ಯಾರ ಬಜೆಟ್ಟಿನಿಂದ ಎಂಬ ಪ್ರಶ್ನೆ ಉಳಿಯುತ್ತದೆ.

ಹಣ ಮುಗಿದ ಮರುವರ್ಷ

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ ನಮ್ಮ ಹಿರಿಯರು. ಅಮೆರಿಕದ ಬಜೆಟ್ ತಜ್ಞರು ಹೇಳುವುದೂ ಅದನ್ನೇ: ಒಮ್ಮೆ ಬರುವ ಹಣವನ್ನು ಒಮ್ಮೆ ಮುಗಿಯುವ ಕೆಲಸಕ್ಕೆ ಹಾಕಿ. ಕೇಂದ್ರದಂತೆ ಕೊರತೆ ಬಜೆಟ್ ಮಾಡಿ ವರ್ಷ ದೂಡುವ ಸ್ವಾತಂತ್ರ್ಯ ಅಲ್ಲಿನ ರಾಜ್ಯಗಳಿಗಿಲ್ಲ. ವರ್ಮಾಂಟ್ ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲಿ ಬಜೆಟ್ ಸರಿತೂಗಲೇಬೇಕು ಎಂಬ ಕಟ್ಟಳೆಯಿದೆ. ಆದ್ದರಿಂದ ಇಡುಗಂಟು ಮುಗಿದ ವರ್ಷ, ಅದರ ಮೇಲೆ ನಿಂತ ನೌಕರಿಗಳಿಗೆ ಕುತ್ತು.

2009ರ ಪ್ಯಾಕೇಜು ಶಾಲೆಗಳ ಸಂಬಳ ಉಳಿಸಿತು. ಆದರೆ ಎರಡು ವರ್ಷದಲ್ಲಿ ಹಣ ಮುಗಿಯಿತು, ರಾಜ್ಯಗಳ ತೆರಿಗೆ ವರಮಾನ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅನೇಕ ಕಡೆ ಶಿಕ್ಷಕರು ಕೆಲಸ ಕಳೆದುಕೊಂಡರು. ಕೋವಿಡ್ ಕಾಲದಲ್ಲಿ ಮೂರು ಕಂತುಗಳಲ್ಲಿ ಶಾಲೆಗಳಿಗೆಂದೇ ಸುಮಾರು 19,000 ಕೋಟಿ ಡಾಲರ್ ಬಂತು. ಕೊನೆಯ ಕಂತಿನ ಗಡುವು 2024ರ ಸೆಪ್ಟೆಂಬರ್. ಆ ಹಣದಿಂದ ಆಪ್ತಸಮಾಲೋಚಕರು, ಸಹಾಯಕ ಶಿಕ್ಷಕರನ್ನು ನೇಮಿಸಿಕೊಂಡ ಜಿಲ್ಲೆಗಳು ಮತ್ತೆ ಅದೇ ಅಂಚಿಗೆ ಬಂದು ನಿಂತವು.

ಇನ್ನೊಂದು ತೊಡಕು. ಕೋವಿಡ್‌ನಿಂದ ವರಮಾನ ಕುಸಿಯುತ್ತದೆಂದು ಎಲ್ಲರೂ ಹೆದರಿದ್ದರು. ಆದದ್ದು ಬೇರೆ. 2021, 2022ರಲ್ಲಿ ಬಹಳಷ್ಟು ರಾಜ್ಯಗಳ ಖಜಾನೆ ತುಂಬಿತು, ಹಲವು ರಾಜ್ಯಗಳು ತೆರಿಗೆಯನ್ನೇ ಇಳಿಸಿದವು. ತಾತ್ಕಾಲಿಕ ಸಮೃದ್ಧಿಯ ಮೇಲೆ ಕಾಯಂ ತೆರಿಗೆ ಕಡಿತ ಮಾಡುವುದೂ ಒಂದು ಬಗೆಯ ಕಾರು ಖರೀದಿಯೇ.

ನಮ್ಮ ಕಡೆ ಹೇಗೆ?

ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ, ಬಂಡವಾಳ ವೆಚ್ಚಕ್ಕಾಗಿ ರಾಜ್ಯಗಳಿಗೆ ಕೇಂದ್ರ ಕೊಡುವ ವಿಶೇಷ ನೆರವು. 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 12,000 ಕೋಟಿ ರೂಪಾಯಿಯೊಂದಿಗೆ ಇದನ್ನು ಘೋಷಿಸಿದರು. ಇದು ಅನುದಾನವಲ್ಲ, 50 ವರ್ಷಗಳ ಬಡ್ಡಿರಹಿತ ಸಾಲ. ಒಂದು ಸಲಕ್ಕೆಂದು ಬಂದದ್ದು ಪ್ರತಿ ವರ್ಷ ಮುಂದುವರಿದು, 2022-23ರ ಬಜೆಟ್ಟಿನಲ್ಲಿ 1 ಲಕ್ಷ ಕೋಟಿ, 2024-25ರಲ್ಲಿ 1.5 ಲಕ್ಷ ಕೋಟಿ ರೂಪಾಯಿಗೆ ಬೆಳೆಯಿತು. ಬಂಡವಾಳ ಕಾಮಗಾರಿಗೆ ಮಾತ್ರ ಎಂಬ ನಿಯಮ ಒಳ್ಳೆಯದು. ಸಂಬಳ, ಸಬ್ಸಿಡಿಗೆ ಅದು ಹೋಗುವಂತಿಲ್ಲ.

ವ್ಯತ್ಯಾಸವಿರುವುದು ಗಂಟು ಬಿಚ್ಚುವ ಕೈಯಲ್ಲಿ. ಇಲ್ಲಿ ಕಾಮಗಾರಿಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಕಳಿಸುತ್ತದೆ, ಕೇಂದ್ರದ ವೆಚ್ಚ ಇಲಾಖೆ ಮಂಜೂರು ಮಾಡುತ್ತದೆ. ಶಾಸಕರ ಮುಂದೆ ಅದು ಬರುವುದು ಬಜೆಟ್ಟಿನ ಇಲ್ಲವೇ ಪೂರಕ ಅಂದಾಜಿನ ಒಂದು ಸಾಲಾಗಿ. ಸಂವಿಧಾನದ 203ನೇ ವಿಧಿಯಂತೆ ಶಾಸಕರು ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಜೈಲಿನ ಹಣ ತೆಗೆದು ಆಸ್ಪತ್ರೆಗೆ ಹಾಕಿ ಎಂದು ತಾವೇ ಬರೆಯುವಂತಿಲ್ಲ. ಅಲಬಾಮಾದ ಶಾಸಕರು ತಪ್ಪು ಮಾಡಿದ್ದರೂ ಯಾರು ಕೈ ಎತ್ತಿದರು ಎಂಬುದು ದಾಖಲೆಯಲ್ಲಿದೆ. ನಮ್ಮಲ್ಲಿ ಆ ಹೆಸರು ಹುಡುಕುವುದು ಕಷ್ಟ.

ಹೊರರಾಜ್ಯಗಳಲ್ಲಿ ದುಡಿಯುವ ನಾವು ವಿಚಿತ್ರ ಸ್ಥಿತಿಯಲ್ಲಿದ್ದೇವೆ. ಇರುವ ಊರಿನ ರಸ್ತೆ, ಮೆಟ್ರೋ, ನೀರಿನ ಪೈಪು ಬಳಸುತ್ತೇವೆ, ಬಹಳ ಜನರ ಮತ ಮಾತ್ರ ಇನ್ನೂ ಊರಲ್ಲೇ ಇದೆ. ಎರಡು ರಾಜ್ಯಗಳ ಬಜೆಟ್ ಸುದ್ದಿಯನ್ನೂ ಓದುತ್ತೇವೆ. ಮುಂದಿನ ಸಲ ‘ಕೇಂದ್ರದಿಂದ ಇಷ್ಟು ಕೋಟಿ’ ಎಂಬ ತಲೆಬರಹ ಕಂಡಾಗ ಮೊತ್ತ ನೋಡಿ ಬೀಗುವುದೋ, ಕಡಿಮೆಯಾಯಿತೆಂದು ಕೊರಗುವುದೋ ಮಾಡುವ ಮೊದಲು ಮೂರು ಮಾತು ಕೇಳಬಹುದು. ಪಟ್ಟಿ ಮಾಡಿದವರು ಯಾರು? ಕೆಲಸ ಒಮ್ಮೆ ಮುಗಿಯುವಂಥದ್ದೇ? ಮರುವರ್ಷದ ಖರ್ಚು ಯಾರದ್ದು? ಊರಿಗೆ ಹೋದಾಗ ನಿಮ್ಮ ಶಾಸಕರು ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಸಿಕ್ಕೇ ಸಿಗುತ್ತಾರೆ. ಈ ಮೂರರಲ್ಲಿ ಒಂದನ್ನಾದರೂ ಕೇಳಿ ನೋಡಿ.