ಪಿಯುಸಿ ನಂತರ ಬಿ.ಎ.: ಎಲ್ಲಿ ಓದಬಹುದು, ಏನು ಬೇಕು?



ಆರ್ಟ್ಸ್ ಎಂದರೆ ಅಂಕ ಕಡಿಮೆ ಬಂದವರ ದಾರಿ ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಶಿಕ್ಷಕ ವೃತ್ತಿ, ವಕೀಲಿ, ಪತ್ರಿಕೋದ್ಯಮ, ಸಮಾಜಕಾರ್ಯ, ಕೆಎಎಸ್ ಪರೀಕ್ಷೆ ಎಲ್ಲಕ್ಕೂ ಬಿ.ಎ. ಮೂಲಕ ಹೋಗಬಹುದು. ಮಕ್ಕಳಿಗೆ ತೊಂದರೆಯಾಗುವುದು ಬಿ.ಎ. ಓದಿದ್ದರಿಂದಲ್ಲ, ಮುಂದಿನದನ್ನು ವಿಚಾರಿಸದೆ ಸೇರಿದ್ದರಿಂದ. ಆದ್ದರಿಂದ ನಮ್ಮ ಮಕ್ಕಳಿಗೆ ಎಟಕುವ ಐದು ದಾರಿಗಳನ್ನು ಹೋಲಿಸಿ ಇಲ್ಲಿ ಬರೆದಿದ್ದೇನೆ.

1. ಹತ್ತಿರದ ಕಾಲೇಜು: ಶಿರಸಿ, ಸಿದ್ದಾಪುರ, ಯಲ್ಲಾಪುರದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಪಿಯುಸಿ ಪಾಸಾಗಿರಬೇಕು, ವಿಜ್ಞಾನ, ವಾಣಿಜ್ಯ ಓದಿದವರೂ ಸೇರಬಹುದು. ಪ್ರವೇಶ ಪರೀಕ್ಷೆ ಇಲ್ಲ. ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಸೋಂದಾದಿಂದ ಶಿರಸಿಗೆ ಸುಮಾರು 20 ಕಿ.ಮೀ.; 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ.

2. ಕೇಂದ್ರೀಯ ವಿಶ್ವವಿದ್ಯಾಲಯ: ನಮ್ಮ ರಾಜ್ಯದ್ದು 2009ರಲ್ಲಿ ಕಲಬುರಗಿಯಲ್ಲಿ ಆರಂಭವಾಯಿತು. 2022ರಿಂದ ಇಂಥ ಕಡೆ ಪ್ರವೇಶಕ್ಕೆ ಸಿಯುಇಟಿ ಎಂಬ ಕಂಪ್ಯೂಟರ್ ಪರೀಕ್ಷೆ ಇದೆ. ಅದನ್ನು 13 ಭಾಷೆಗಳಲ್ಲಿ ಬರೆಯಬಹುದು. ಕನ್ನಡವೂ ಉರ್ದುವೂ ಅದರಲ್ಲಿವೆ. ಪಿಯು ಫಲಿತಾಂಶಕ್ಕೆ ಮೊದಲೇ ಅರ್ಜಿಯ ಗಡುವು ಮುಗಿದಿರುತ್ತದೆ. ನಮ್ಮವರು ಎಡವುವುದು ಇಲ್ಲಿಯೇ.

3. ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಹೈದರಾಬಾದ್: 1998ರಲ್ಲಿ ಸ್ಥಾಪನೆ. ಪಾಠ ಉರ್ದುವಿನಲ್ಲಿ. ಶಾಲೆಯಲ್ಲಿ ಉರ್ದುವನ್ನು ಮಾಧ್ಯಮವಾಗಿ ಅಥವಾ ವಿಷಯವಾಗಿ ಓದಿರಬೇಕು. ಅವರ ಪಟ್ಟಿಯಲ್ಲಿರುವ ಮದರಸಾಗಳ ಪ್ರಮಾಣಪತ್ರವೂ ನಡೆಯುತ್ತದೆ.

4. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಬೆಂಗಳೂರು: ಖಾಸಗಿ. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ಅವರದ್ದೇ. ಪಾಠ ಇಂಗ್ಲಿಷಿನಲ್ಲಿ. ಶುಲ್ಕ ಹೆಚ್ಚು, ಆದರೆ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಶುಲ್ಕ ಕೇಳಿಯೇ ಹಿಂದೆ ಸರಿಯಬೇಡಿ.

5. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಮೈಸೂರು: ದುಡಿಯುವವರಿಗೆ, ಮದುವೆಯಿಂದ ಓದು ನಿಂತ ಹೆಣ್ಣುಮಕ್ಕಳಿಗೆ ಅನುಕೂಲ. ಪಿಯುಸಿ ಆಗಿದ್ದರೆ ಮನೆಯಲ್ಲಿದ್ದೇ ಬಿ.ಎ. ಓದಬಹುದು.

ಇನ್ನು ವಿಷಯದ ಆಯ್ಕೆ. ಶಿಕ್ಷಕರಾಗಬೇಕೆನ್ನುವ ಮಕ್ಕಳಿಗೆ ಇದು ಮುಖ್ಯ. ಬಿ.ಇಡಿ.ಗೆ ಸಾಮಾನ್ಯವಾಗಿ ಪದವಿಯಲ್ಲಿ ಶೇ. 50 ಅಂಕ ಬೇಕು. ಬರೀ ಪಾಸಾದರೆ ಸಾಲದು. ಪದವಿಯಲ್ಲಿ ಓದಿದ ವಿಷಯಗಳ ಮೇಲೆಯೇ ಅಲ್ಲಿ ಬೋಧನಾ ವಿಷಯ ಸಿಗುತ್ತದೆ. ಹಾಗಾಗಿ ಶಾಲೆಯಲ್ಲಿ ಕಲಿಸುವ ವಿಷಯಗಳು, ಅಂದರೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆ, ಇವುಗಳಲ್ಲಿ ಎರಡಾದರೂ ಇರಲಿ. ಗೆಳತಿ ತೆಗೆದುಕೊಂಡಳೆಂದು ತೆಗೆದುಕೊಂಡ ವಿಷಯ ಮೂರು ವರ್ಷದ ನಂತರ ಬಾಗಿಲು ಮುಚ್ಚಬಹುದು.

ದಾಖಲೆಗಳ ಬಗ್ಗೆ ಒಂದು ಮಾತು. ರಾಜ್ಯದ ಕಾಲೇಜಿಗೆ 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಕೇಂದ್ರದ ಓಬಿಸಿ ಪಟ್ಟಿ ಬೇರೆ, ಅದರ ಪ್ರಮಾಣಪತ್ರವೂ ಬೇರೆ. ನಮ್ಮಲ್ಲಿ ಎಲ್ಲರೂ ಅದರಲ್ಲಿ ಬರುವುದಿಲ್ಲ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇರಲಿ. ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ; ಪಿಯು ಎರಡನೇ ವರ್ಷದ ಆರಂಭದಲ್ಲೇ ನೋಡಿಕೊಳ್ಳಿ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟು. ನಾವು ಸಾಮಾನ್ಯವಾಗಿ ಸೀಟು ಸಿಕ್ಕ ಮೇಲೆ ಸಹಾಯ ಮಾಡುತ್ತೇವೆ. ಆದರೆ ಬಡ ಮನೆಯ ಮಗು ನಿಂತುಬಿಡುವುದು ಅದಕ್ಕೂ ಮೊದಲೇ: ಪರೀಕ್ಷೆಯ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚು, ಮೊದಲ ತಿಂಗಳ ಹಾಸ್ಟೆಲ್ ಹಣ. ನಿಮ್ಮ ಝಕಾತ್ ಮತ್ತು ಸದಕಾದ ಒಂದು ಪಾಲು ಆ ಸಮಯಕ್ಕೆ ತಲುಪಿದರೆ, ಚಿಕ್ಕ ಮೊತ್ತವೂ ದೊಡ್ಡ ಕೆಲಸ ಮಾಡುತ್ತದೆ.

ಪಾಲಕರೇ, ಫಲಿತಾಂಶಕ್ಕಾಗಿ ಕಾಯಬೇಡಿ. ಮಗ ಅಥವಾ ಮಗಳನ್ನು ಕೂರಿಸಿಕೊಂಡು ಮುಂದೇನು ಎಂದು ಈಗಲೇ ಕೇಳಿ. ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯನ್ನು ಹೆಚ್ಚಿಸಲಿ. ಆಮೀನ್.